ಕ್ರೈಸ್ತ ಸಭೆ ಪ್ರೀತಿಯ ಮೇಲೆ ನಿಂತಿದೆ ಎಂದರೆ ಏನರ್ಥ?

2025ರ ಅಕ್ಟೋಬರ್‌ನಲ್ಲಿ ಪೋಪ್ ಹದಿನಾಲ್ಕನೆಯ ಲಿಯೋ ಅವರು ತಮ್ಮ ಮೊದಲ ದೊಡ್ಡ ಬೋಧನಾಪತ್ರವನ್ನು ಹೊರಡಿಸಿದರು. ಅದರ ಲ್ಯಾಟಿನ್ ಹೆಸರು ‘ದಿಲೆಕ್ಸಿ ತೇ’. ‘ನಾನು ನಿನ್ನನ್ನು ಪ್ರೀತಿಸಿದ್ದೇನೆ’ ಎಂದು ಅದರ ಅರ್ಥ. ಅದರ ವಿಷಯ ಬಡವರ ಮೇಲಿನ ಪ್ರೀತಿ. ಆ ಬರಹವನ್ನು ಆರಂಭಿಸಿದ್ದವರು ಅದೇ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡ ಪೋಪ್ ಫ್ರಾನ್ಸಿಸ್. ಅವರು ಅರ್ಧಕ್ಕೆ ಬಿಟ್ಟುಹೋದುದನ್ನು ಮುಂದಿನವರು ತಮ್ಮದಾಗಿಸಿಕೊಂಡು ಪೂರ್ಣಗೊಳಿಸಿದರು. ಕ್ರೈಸ್ತ ಧರ್ಮದ ಪರಿಚಯ ಹೆಚ್ಚಾಗಿ ಇಲ್ಲದ ಓದುಗರಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಒಂದು ಧಾರ್ಮಿಕ ಪರಂಪರೆಯ ಮುಖ್ಯಸ್ಥರು ತಮ್ಮ ಬೋಧನೆಯನ್ನು ದೇವರ ಸ್ವರೂಪದಿಂದಲೋ ಪೂಜಾವಿಧಿಯಿಂದಲೋ ಆರಂಭಿಸದೆ, ಹಸಿದವರ ಮಾತಿನಿಂದ ಏಕೆ ಆರಂಭಿಸುತ್ತಾರೆ? ಆ ಪರಂಪರೆಯ ಉತ್ತರವೆಂದರೆ, ಹಸಿದವರ ಮಾತು ದೇವರ ಸ್ವರೂಪದ ಮಾತಿನಿಂದ ಬೇರೆಯಾದುದೇ ಅಲ್ಲ. ಈ ಉತ್ತರ ಅರ್ಥವಾಗಬೇಕಾದರೆ ‘ಚಾರಿಟಿ’ ಎಂಬ ಪದದ ಹಿಂದಿರುವ ಎರಡು ಸಾವಿರ ವರ್ಷಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಪದ ಎಲ್ಲಿಂದ ಬಂತು

ಇಂದು ‘ಚಾರಿಟಿ’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ದೇಣಿಗೆ, ಟ್ರಸ್ಟ್, ರಸೀದಿ. ಉಳ್ಳವರು ಇಲ್ಲದವರಿಗೆ ಕೊಡುವ ದಾನ ಎಂಬುದೇ ಅದರ ರೂಢಿಯ ಅರ್ಥ. ಆದರೆ ಇದು ಆ ಪದದ ಕೊನೆಯ ನಿಲ್ದಾಣ. ಅದು ಹೊರಟ ಊರು ಬೇರೆ.

ಬೈಬಲ್‌ನ ಎರಡನೆಯ ಭಾಗವಾದ, ಯೇಸುವನ್ನೂ ಮೊದಲ ಕ್ರೈಸ್ತರನ್ನೂ ಕುರಿತ ಹೊಸ ಒಡಂಬಡಿಕೆಯನ್ನು ಬರೆದ ಭಾಷೆ ಗ್ರೀಕ್. ಆ ಭಾಷೆಯಲ್ಲಿ ಪ್ರೀತಿಗೆ ಹಲವು ಪದಗಳಿದ್ದವು. ಬಯಕೆಯ ಸೆಳೆತಕ್ಕೆ ‘ಎರೋಸ್’, ಗೆಳೆತನಕ್ಕೆ ‘ಫಿಲಿಯ’, ಹೆತ್ತವರು ಮಕ್ಕಳ ನಡುವಿನ ಮಮತೆಗೆ ‘ಸ್ತೋರ್ಗೆ’. ಹೊಸ ಒಡಂಬಡಿಕೆಯ ಲೇಖಕರು ಇವುಗಳಿಗಿಂತ ಹೆಚ್ಚಾಗಿ ಆರಿಸಿಕೊಂಡದ್ದು, ಅದುವರೆಗೆ ಗ್ರೀಕ್ ಸಾಹಿತ್ಯದಲ್ಲಿ ಅಷ್ಟೇನೂ ಬಳಕೆಯಲ್ಲಿರದ ‘ಅಗಾಪೆ’ ಎಂಬ ಪದವನ್ನು. ಎದುರಿಗಿರುವವರ ಒಳಿತನ್ನು, ಅವರಿಂದ ಏನು ಸಿಗುತ್ತದೆ ಎಂಬ ಲೆಕ್ಕವಿಲ್ಲದೆ ಬಯಸಿ, ಅದಕ್ಕಾಗಿ ದುಡಿಯುವ ಪ್ರೀತಿಗೆ ಅದು ಹೆಸರಾಯಿತು. ಲ್ಯಾಟಿನ್ ಅನುವಾದಕರು ಅದನ್ನು ಹಲವು ಕಡೆ ‘ಕಾರಿತಾಸ್’ ಎಂದು ಕರೆದರು. ‘ಕಾರುಸ್’ ಎಂದರೆ ಪ್ರಿಯವಾದದ್ದು, ಬೆಲೆಯುಳ್ಳದ್ದು. ಒಬ್ಬ ಮನುಷ್ಯ ನಮಗೆ ಅಮೂಲ್ಯ ಎಂದು ಎಣಿಸುವುದೇ ಕಾರಿತಾಸ್. ಇಂಗ್ಲಿಷಿನ ‘ಚಾರಿಟಿ’ ಹುಟ್ಟಿದ್ದು ಇದರಿಂದಲೇ.

ಇಂಗ್ಲಿಷ್ ಬೈಬಲ್‌ಗಳಲ್ಲಿ ಈ ಪದಕ್ಕಾಗಿ ನಡೆದ ಹಗ್ಗಜಗ್ಗಾಟ ಗಮನಾರ್ಹವಾದದ್ದು. 1526ರಲ್ಲಿ ವಿಲಿಯಂ ಟಿಂಡೇಲ್ ಅವರು ಅಗಾಪೆಯನ್ನು ‘ಲವ್’ ಎಂದು ಅನುವಾದಿಸಿದಾಗ, ಕ್ಯಾಥೊಲಿಕ್ ವಿದ್ವಾಂಸ ಥಾಮಸ್ ಮೋರ್ ಅವರು ಅದನ್ನು ಕಟುವಾಗಿ ಟೀಕಿಸಿದರು. 1611ರ ಕಿಂಗ್ ಜೇಮ್ಸ್ ಆವೃತ್ತಿ, ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನು ಪ್ರೀತಿಯ ಬಗ್ಗೆ ಬರೆದ ಪ್ರಸಿದ್ಧ ಅಧ್ಯಾಯದಲ್ಲಿ ‘ಚಾರಿಟಿ’ ಎಂದೇ ಇಟ್ಟುಕೊಂಡಿತು. 1881ರ ಪರಿಷ್ಕೃತ ಆವೃತ್ತಿಯಲ್ಲಿ ಅದು ಮತ್ತೆ ‘ಲವ್’ ಆಯಿತು. ಅಷ್ಟರಲ್ಲಿ ಜನಬಳಕೆಯಲ್ಲಿ ‘ಚಾರಿಟಿ’ಯ ಅರ್ಥ ದಾನಕ್ಕೆ ಕುಗ್ಗಿಹೋಗಿತ್ತು. ಕನ್ನಡ ಬೈಬಲ್ ಈ ಗೊಂದಲಕ್ಕೆ ಸಿಲುಕದೆ ‘ಪ್ರೀತಿ’ ಎಂದೇ ಬರೆಯುತ್ತದೆ. ಬಡವರಿಗೆ ಕೈಯೆತ್ತಿ ಕೊಡುವುದಕ್ಕೆ ‘ಧರ್ಮಕೊಡುವುದು’ ಎಂಬ ಬೇರೆ ಮಾತನ್ನೇ ಬಳಸುತ್ತದೆ. ಈ ವಿಷಯದಲ್ಲಿ ಕನ್ನಡ ಓದುಗರ ದಾರಿ ಸುಲಭವಾಗಿದೆ ಎಂದೇ ನನ್ನ ಭಾವನೆ.

ಇನ್ನೊಂದು ಪದವನ್ನೂ ಇಲ್ಲೇ ಸ್ಪಷ್ಟಪಡಿಸಿಕೊಳ್ಳೋಣ. ಚರ್ಚ್ ಎಂದರೆ ಗೋಪುರವಿರುವ ಕಟ್ಟಡ ಎಂದು ನಾವು ಭಾವಿಸುತ್ತೇವೆ. ಮೂಲದ ‘ಎಕ್ಲೇಸಿಯ’ ಎಂಬ ಪದಕ್ಕೆ ಕರೆಗೆ ಓಗೊಟ್ಟು ಒಂದೆಡೆ ಕೂಡಿದ ಜನ ಎಂಬ ಅರ್ಥವಿದೆ. ಕನ್ನಡದ ಕ್ರೈಸ್ತರು ಬಳಸುವ ‘ಸಭೆ’ ಎಂಬ ಮಾತು ಇದನ್ನು ಸರಿಯಾಗಿ ಹಿಡಿದಿದೆ. ಹೀಗಾಗಿ ಸಭೆಯ ಅಡಿಪಾಯ ಯಾವುದು ಎಂದು ಕೇಳುವುದೆಂದರೆ, ಈ ಜನರನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಯಾವುದು ಎಂದು ಕೇಳಿದಂತೆ.

ಎರಡು ಆಜ್ಞೆಗಳು, ಒಂದೇ ಬೇರು

ಆಜ್ಞೆಗಳಲ್ಲೆಲ್ಲ ಮೊದಲನೆಯದು ಯಾವುದು ಎಂದು ಒಬ್ಬ ಶಾಸ್ತ್ರಿ ಯೇಸುವನ್ನು ಕೇಳಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿ, ಅಂದರೆ ಯೇಸುವಿನ ಜೀವನವನ್ನು ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದರಲ್ಲಿ, ಇದೆ. ಯೇಸು ಕೊಟ್ಟ ಉತ್ತರ ಹೊಸದಾಗಿರಲಿಲ್ಲ. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು ಎಂಬುದು ಯೆಹೂದ್ಯರ ಧರ್ಮೋಪದೇಶಕಾಂಡದಲ್ಲಿತ್ತು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು ಎಂಬುದು ಯಾಜಕಕಾಂಡದಲ್ಲಿತ್ತು. ಕ್ರೈಸ್ತ ಧರ್ಮದ ಪ್ರೀತಿಯ ಬೋಧನೆ ಯೆಹೂದ್ಯ ನೆಲದಲ್ಲಿಯೇ ಬೇರುಬಿಟ್ಟದ್ದು ಎಂಬುದನ್ನು ಮರೆಯಬಾರದು. ಯೇಸು ಈ ಎರಡನ್ನೂ ಒಟ್ಟಿಗೆ ಹೆಣೆದು, ಇವುಗಳಿಗಿಂತ ದೊಡ್ಡ ಆಜ್ಞೆ ಮತ್ತೊಂದಿಲ್ಲ ಎಂದನು. ನೆರೆಯವರನ್ನು ದೂರವಿಟ್ಟು ದೇವರನ್ನು ಮಾತ್ರ ಪ್ರೀತಿಸುವ ಒಳದಾರಿ ಅಲ್ಲಿಗೆ ಮುಚ್ಚಿಹೋಯಿತು.

‘ನೆರೆಯವನು’ ಯಾರು ಎಂಬ ಮುಂದಿನ ಪ್ರಶ್ನೆಗೆ ಲೂಕನ ಸುವಾರ್ತೆಯಲ್ಲಿ ಒಂದು ಕಥೆಯೇ ಉತ್ತರವಾಗಿ ಬರುತ್ತದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರು ಬಡಿದು ಬಿಸುಟ ಒಬ್ಬ ಮನುಷ್ಯನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿ ಪಕ್ಕಕ್ಕೆ ಸರಿದು ಹೋಗುತ್ತಾರೆ. ಯೆಹೂದ್ಯರು ಒಡನಾಟವನ್ನೇ ಇಟ್ಟುಕೊಳ್ಳದಿದ್ದ ಸಮಾರ್ಯದವನೊಬ್ಬ ನಿಲ್ಲುತ್ತಾನೆ. ಗಾಯ ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದು, ಎರಡು ದಿನಾರಿಗಳನ್ನು, ಅಂದರೆ ಒಬ್ಬ ಕೂಲಿಯಾಳಿನ ಎರಡು ದಿನದ ಸಂಬಳವನ್ನು ಕೊಟ್ಟು, ಹೆಚ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎನ್ನುತ್ತಾನೆ. ಇಲ್ಲಿ ಪ್ರೀತಿ ಮರುಕಪಟ್ಟು ಸುಮ್ಮನಾಗುವುದಿಲ್ಲ. ಅದು ನಿಲ್ಲುತ್ತದೆ, ಬಾಗುತ್ತದೆ, ಖರ್ಚು ಮಾಡುತ್ತದೆ, ಮತ್ತೆ ಬಂದು ವಿಚಾರಿಸುತ್ತದೆ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊನೆಯ ತೀರ್ಪಿನ ದಿನ ಅರಸನು, ಅಂದರೆ ಕ್ರಿಸ್ತನು, ನಾನು ಹಸಿದಿದ್ದೆನು, ನೀವು ಊಟ ಕೊಟ್ಟಿರಿ ಎನ್ನುತ್ತಾನೆ. ಯಾವಾಗ ಎಂದು ಅವರು ಬೆರಗಾಗಿ ಕೇಳಿದಾಗ, ಈ ಅಲ್ಪರಲ್ಲಿ ಒಬ್ಬನಿಗೆ ಮಾಡಿದ್ದು ನನಗೇ ಮಾಡಿದಂತೆ ಎಂಬ ಉತ್ತರ ಬರುತ್ತದೆ. ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಲ್ಲಿರುವವನು ಎಂದು ಅಲ್ಲಿ ಎಣಿಸಿರುವ ಆರು ಬಗೆಯ ಜನರಿಗೆ ಸತ್ತವರ ಸಂಸ್ಕಾರವೂ ಸೇರಿ, ಮುಂದೆ ಮಧ್ಯಯುಗದಲ್ಲಿ ಏಳು ದಯಾಕಾರ್ಯಗಳ ಪಟ್ಟಿಯಾಯಿತು.

ಕೊರಿಂಥದ ಊಟದ ಪಂಕ್ತಿ

ಪ್ರೀತಿಯ ಬಗ್ಗೆ ಪೌಲನು ಬರೆದ ಅಧ್ಯಾಯ, ಅಂದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೆಯ ಅಧ್ಯಾಯ, ಮದುವೆಗಳಲ್ಲಿ ಓದುವ ಭಾಗವೆಂದು ಅನೇಕರಿಗೆ ಗೊತ್ತು. ಅದು ಮದುವೆಗಾಗಿ ಬರೆದದ್ದಲ್ಲ. ಜಗಳ ಬಿದ್ದ ಒಂದು ಸಭೆಗೆ ಬರೆದ ಪತ್ರದ ನಟ್ಟನಡುವೆ ಅದು ಇದೆ. ಆ ಜಗಳ ಯಾವುದು ಎಂದು ತಿಳಿಯದೆ ಆ ಅಧ್ಯಾಯದ ತೂಕ ತಿಳಿಯುವುದಿಲ್ಲ.

ಮೊದಲನೆಯ ಶತಮಾನದ 50ರ ದಶಕದ ಮಾತು. ಕೊರಿಂಥ ಗ್ರೀಸಿನಲ್ಲಿ ಎರಡು ಬಂದರುಗಳ ನಡುವಿನ ಸಿರಿವಂತ ವ್ಯಾಪಾರಿ ಪಟ್ಟಣ. ಅಲ್ಲಿನ ಕ್ರೈಸ್ತರಿಗೆ ಪ್ರತ್ಯೇಕ ಕಟ್ಟಡವಿರಲಿಲ್ಲ. ಅವರು ಮನೆಗಳಲ್ಲಿ ಸೇರುತ್ತಿದ್ದರು. ಕರ್ತನ ಭೋಜನ ಎಂದು ಕರೆಯುವ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಆಚರಣೆ ಆಗ ನಿಜವಾದ ಊಟದೊಂದಿಗೇ ನಡೆಯುತ್ತಿತ್ತು. ಉಳ್ಳವರು ತಾವು ತಂದದ್ದನ್ನು ಮೊದಲೇ ತಿಂದು ಮುಗಿಸುತ್ತಿದ್ದರು. ಇಲ್ಲದವರಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಾನೆ ಎಂದು ಪೌಲನು 11ನೆಯ ಅಧ್ಯಾಯದಲ್ಲಿ ನೇರವಾಗಿ ಬರೆಯುತ್ತಾನೆ. ಅಷ್ಟಕ್ಕೇ ನಿಲ್ಲದೆ, ನೀವು ಕೂಡಿ ತಿನ್ನುವುದು ಕರ್ತನ ಭೋಜನವೇ ಅಲ್ಲ ಎಂದುಬಿಡುತ್ತಾನೆ.

ಆ ಜನ ಪ್ರಾರ್ಥನೆಯನ್ನು ಬಿಟ್ಟಿರಲಿಲ್ಲ. ರೊಟ್ಟಿಯೂ ಇತ್ತು, ಪಾತ್ರೆಯೂ ಇತ್ತು. ಪಕ್ಕದಲ್ಲಿ ಕುಳಿತ ಬಡವನನ್ನು ನಾಚಿಕೆಪಡಿಸಿದ್ದರಿಂದಲೇ ಆ ಆರಾಧನೆ ಆರಾಧನೆಯಾಗಿ ಉಳಿಯಲಿಲ್ಲ ಎಂಬುದು ಪೌಲನ ವಾದ. ಪ್ರೀತಿಯನ್ನು ಸಭೆಯ ಅಡಿಪಾಯ ಎಂದು ಏಕೆ ಕರೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಹೊಸ ಒಡಂಬಡಿಕೆಯಲ್ಲಿ ನನಗೆ ಕಂಡಿಲ್ಲ. ಗೋಡೆಗೆ ಹಚ್ಚಿದ ಬಣ್ಣ ಹೋದರೆ ಮನೆ ಮಾಸಿ ಕಾಣುತ್ತದೆ. ಅಡಿಪಾಯ ಕುಸಿದರೆ ಮನೆಯೇ ಇರುವುದಿಲ್ಲ.

12ನೆಯ ಅಧ್ಯಾಯದಲ್ಲಿ ಪೌಲನು ಸಭೆಯನ್ನು ಒಂದು ದೇಹಕ್ಕೆ ಹೋಲಿಸುತ್ತಾನೆ. ಕಣ್ಣು ಕೈಗೆ, ನೀನು ನನಗೆ ಬೇಕಾಗಿಲ್ಲ ಎನ್ನಲಾರದು. ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು. ಇದಾದ ಮೇಲೆ 13ನೆಯ ಅಧ್ಯಾಯ ಬರುತ್ತದೆ. ಮನುಷ್ಯರ ಮತ್ತು ದೇವದೂತರ ಭಾಷೆಗಳನ್ನಾಡಿದರೂ ಪ್ರೀತಿ ಇಲ್ಲದಿದ್ದರೆ ನಾನು ಬರಿ ಸದ್ದು ಮಾಡುವ ಕಂಚು ಎನ್ನುವ ಪೌಲನು, ಅಲ್ಲಿಂದ ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ನನಗಿರುವುದೆಲ್ಲವನ್ನೂ ಹಂಚಿಬಿಟ್ಟರೂ ಪ್ರೀತಿ ಇಲ್ಲದಿದ್ದರೆ ನನಗೇನೂ ಪ್ರಯೋಜನವಿಲ್ಲ. ಅಂದರೆ ಆಸ್ತಿಯನ್ನೆಲ್ಲ ಕೊಟ್ಟೂ ಪ್ರೀತಿಯಿಲ್ಲದೆ ಇರುವುದು ಸಾಧ್ಯ! ದಾನವೂ ಪ್ರೀತಿಯೂ ಒಂದೇ ಅಲ್ಲ ಎಂಬುದು ಈ ಒಂದು ವಾಕ್ಯದಿಂದಲೇ ಗೊತ್ತಾಗುತ್ತದೆ. ದಾನವು ಪ್ರೀತಿಯ ಫಲವಾಗಬಹುದು. ಹೆಸರಿನ ಆಸೆಯ ಫಲವೂ ಆಗಬಹುದು. ತಾಯಿ ಮಗುವಿಗೆ ಉಣಿಸುವುದನ್ನು ನಾವು ದಾನ ಎನ್ನುವುದಿಲ್ಲ, ಏಕೆಂದರೆ ಅಲ್ಲಿ ಕೊಡುವವರು ಮೇಲೆ, ತೆಗೆದುಕೊಳ್ಳುವವರು ಕೆಳಗೆ ಎಂಬ ಭಾವವಿಲ್ಲ. ಪೌಲನು ಸಭೆಯಿಂದ ಬಯಸಿದ್ದು ಆ ಬಗೆಯ ನಂಟನ್ನು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಇದೇ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಪೌಲನು, ಯೇಸು ಕ್ರಿಸ್ತನೆಂಬ ಅಸ್ತಿವಾರವಲ್ಲದೆ ಬೇರೆ ಅಸ್ತಿವಾರವನ್ನು ಯಾರೂ ಹಾಕಲಾರರು ಎಂದಿದ್ದಾನೆ. ಹಾಗಾದರೆ ಪ್ರೀತಿಯನ್ನು ಅಸ್ತಿವಾರ ಎನ್ನುವುದು ಹೇಗೆ? ಎಫೆಸದವರಿಗೆ ಬರೆದ ಪತ್ರಿಕೆ ವಿಶ್ವಾಸಿಗಳು ಪ್ರೀತಿಯಲ್ಲಿ ಬೇರೂರಿ ನೆಲೆಗೊಳ್ಳಬೇಕು ಎನ್ನುವಾಗ ಬಳಸುವ ಗ್ರೀಕ್ ಪದವೂ ಅಸ್ತಿವಾರ ಹಾಕುವುದಕ್ಕೆ ಸಂಬಂಧಿಸಿದ್ದೇ. ಯೋಹಾನನ ಮೊದಲ ಪತ್ರಿಕೆ ಈ ಗಂಟನ್ನು ಬಿಡಿಸುತ್ತದೆ. ದೇವರು ಪ್ರೀತಿಸ್ವರೂಪಿ, ನಾವು ದೇವರನ್ನು ಪ್ರೀತಿಸಿದ್ದಲ್ಲ, ಅವರೇ ಮೊದಲು ನಮ್ಮನ್ನು ಪ್ರೀತಿಸಿ ಮಗನನ್ನು ಕಳುಹಿಸಿದ್ದೇ ಪ್ರೀತಿ ಎನ್ನುತ್ತದೆ ಅದು. ಕ್ರೈಸ್ತ ವಿಶ್ವಾಸದ ಪ್ರಕಾರ ಕ್ರಿಸ್ತನಲ್ಲಿ ಕಂಡದ್ದೇ ಆ ಪ್ರೀತಿ. ಆದ್ದರಿಂದ ಇವು ಎರಡು ಅಸ್ತಿವಾರಗಳಲ್ಲ. ಸಭೆ ತನ್ನೊಳಗೆ ಹಂಚಿಕೊಳ್ಳುವುದು ತಾನೇ ಉಂಟುಮಾಡಿದ ಒಳ್ಳೆಯತನವನ್ನಲ್ಲ, ತನಗೆ ಮೊದಲೇ ಸಿಕ್ಕಿದ್ದನ್ನು.

ಪೆಟ್ಟಿಗೆ, ಪಟ್ಟಿ, ಸೇವಕ

ಪ್ರೀತಿ ಬರಿಯ ಭಾವನೆಯಾಗಿದ್ದರೆ ಅದಕ್ಕೆ ವ್ಯವಸ್ಥೆ ಬೇಕಾಗುತ್ತಿರಲಿಲ್ಲ. ಸಭೆ ಆರಂಭದಿಂದಲೇ ಅದಕ್ಕೊಂದು ವ್ಯವಸ್ಥೆ ಮಾಡಿಕೊಂಡಿತು. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಪ್ರಕಾರ ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಹೊಲಮನೆಗಳನ್ನು ಮಾರಿ, ಅವರವರ ಅಗತ್ಯಕ್ಕೆ ತಕ್ಕಂತೆ ಹಂಚಿಕೊಳ್ಳುತ್ತಿದ್ದರು. ಬೇಗನೆ ತಕರಾರೂ ಬಂತು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗೊಣಗಾಟ ಎದ್ದಿತು. ಅಪೊಸ್ತಲರು, ಅಂದರೆ ಯೇಸು ಆರಿಸಿ ಕಳುಹಿಸಿದ ಶಿಷ್ಯರು, ಅದನ್ನು ಸಣ್ಣ ಮಾತೆಂದು ತಳ್ಳಿಹಾಕಲಿಲ್ಲ. ಸ್ತೆಫನನೂ ಸೇರಿದಂತೆ ಏಳು ಜನರನ್ನು ಆರಿಸಿ, ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟು ಆ ಕೆಲಸಕ್ಕೆ ನೇಮಿಸಲಾಯಿತು. ಊಟ ಬಡಿಸುವ ಕೆಲಸಕ್ಕೆ ಕೈಯಿಟ್ಟು ನೇಮಕ! ಆ ಕೆಲಸವನ್ನು ಎಷ್ಟು ಪವಿತ್ರವೆಂದು ಎಣಿಸಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಸಭಾಸೇವಕ ಅಥವಾ ಡೀಕನ್ ಎಂಬ ಹುದ್ದೆಯ ಮೂಲವನ್ನು ಪರಂಪರೆ ಇಲ್ಲಿಯೇ ಗುರುತಿಸುತ್ತದೆ. ‘ದಿಯಾಕೊನಿಯ’ ಎಂದರೆ ಸೇವೆ. ಕೊರಿಂಥದ ಬಂದರಾದ ಕೆಂಕ್ರೆಯ ಸಭೆಯಲ್ಲಿ ಫೊಯಿಬೆ ಎಂಬ ಮಹಿಳೆ ಈ ಸೇವೆಯಲ್ಲಿದ್ದಳೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಹೇಳುತ್ತಾನೆ.

ಪೌಲನ ಇನ್ನೊಂದು ಕೆಲಸವೆಂದರೆ ದೂರದೂರದ ಸಭೆಗಳಿಂದ ಹಣ ಕೂಡಿಸಿದ್ದು. ಮಕೆದೋನ್ಯ ಮತ್ತು ಅಖಾಯದ, ಅಂದರೆ ಇಂದಿನ ಗ್ರೀಸ್ ಪ್ರದೇಶದ ಸಭೆಗಳು, ತಾವು ಎಂದೂ ನೋಡಿರದ ಯೆರೂಸಲೇಮಿನ ಬಡವರಿಗಾಗಿ ವಾರದ ಮೊದಲನೆಯ ದಿನ ತಮ್ಮ ವರಮಾನಕ್ಕೆ ತಕ್ಕಂತೆ ತೆಗೆದಿಡುತ್ತಿದ್ದವು. ಆ ಹಣದಿಂದ ಹಸಿವು ನೀಗಿತು. ಅದರ ಜೊತೆಗೆ, ಬೇರೆ ಭಾಷೆ, ಬೇರೆ ಕುಲದ ಜನರು ತಾವು ಒಂದೇ ದೇಹ ಎಂದು ಕೈಯಾರೆ ತೋರಿಸಿಕೊಟ್ಟಂತೆಯೂ ಆಯಿತು.

ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಕ್ರೈಸ್ತ ಚಿಂತಕ ಜಸ್ಟಿನ್ ಭಾನುವಾರದ ಆರಾಧನೆಯನ್ನು ಚಕ್ರವರ್ತಿಗೆ ವಿವರಿಸುವಾಗ, ವಾಚನ, ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸಗಳ ಜೊತೆಗೆ ಕಾಣಿಕೆಯನ್ನೂ ಹೇಳುತ್ತಾನೆ. ಉಳ್ಳವರು ಇಷ್ಟಪಟ್ಟಷ್ಟು ಕೊಡುತ್ತಾರೆ. ಸಭೆಯ ಮುಖ್ಯಸ್ಥನು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರನ್ನು ನೋಡಿಕೊಳ್ಳುತ್ತಾನೆ. ಸುಮಾರು 197ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನಿಂದ ಬರೆದ ತೆರ್ತುಲ್ಲಿಯನ್ ಈ ಪಟ್ಟಿಗೆ ಮುದಿಯಾದ ಗುಲಾಮರನ್ನೂ, ಹಡಗೊಡೆದು ಎಲ್ಲ ಕಳೆದುಕೊಂಡವರನ್ನೂ, ಗಣಿಗಳಲ್ಲಿ ಶಿಕ್ಷೆ ಅನುಭವಿಸುತ್ತಿದ್ದವರನ್ನೂ ಸೇರಿಸುತ್ತಾನೆ. ಕೊಡಲೇಬೇಕೆಂಬ ಒತ್ತಾಯವಿರಲಿಲ್ಲ ಎಂದೂ ಒತ್ತಿಹೇಳುತ್ತಾನೆ. 251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೆಲಿಯುಸ್ ಬರೆದ ಒಂದು ಪತ್ರದ ಪ್ರಕಾರ ಅಲ್ಲಿನ ಸಭೆಯಲ್ಲಿ 46 ಹಿರಿಯ ಯಾಜಕರೂ 7 ಡೀಕನ್‌ಗಳೂ ಇದ್ದರು; ಅದೇ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ನಿರ್ಗತಿಕರನ್ನೂ ಸಾಕುತ್ತಿತ್ತು. ಕ್ರೈಸ್ತ ಧರ್ಮಕ್ಕೆ ಇನ್ನೂ ರಾಜಮನ್ನಣೆ ಇರಲಿಲ್ಲ, ಹಿಂಸೆಯ ಭಯವಿತ್ತು ಎಂಬುದನ್ನು ನೆನೆದರೆ ಈ ಸಂಖ್ಯೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

5ನೆಯ ಶತಮಾನದ ಕೊನೆಯಲ್ಲಿ ಪೋಪ್ ಗೆಲಾಸಿಯುಸ್ ಸಭೆಯ ವರಮಾನವನ್ನು ನಾಲ್ಕು ಪಾಲು ಮಾಡಬೇಕೆಂಬ ನಿಯಮವನ್ನು ದಾಖಲಿಸಿದರು. ಒಂದು ಬಿಷಪ್ಪರಿಗೆ, ಒಂದು ಯಾಜಕವರ್ಗಕ್ಕೆ, ಒಂದು ಕಟ್ಟಡಗಳಿಗೆ, ಒಂದು ಬಡವರಿಗೆ. ಬಡವರ ಪಾಲು ಉಳಿದರೆ ಕೊಡುವಂಥದ್ದಾಗಿರದೆ ಮೊದಲೇ ಎಣಿಕೆಯಲ್ಲಿತ್ತು.

ಎದುರಾಳಿಯ ಸಾಕ್ಷಿ

ಯಾವುದೇ ಗುಂಪು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಸ್ವಲ್ಪ ಅಳೆದು ತೂಗಿಯೇ ನಂಬಬೇಕು. ಹೀಗಾಗಿ ಹೊರಗಿನವರ ಮಾತಿಗೆ ಬೆಲೆ ಹೆಚ್ಚು. 361ರಿಂದ 363ರವರೆಗೆ ಆಳಿದ ರೋಮನ್ ಚಕ್ರವರ್ತಿ ಜೂಲಿಯನ್ ಕ್ರೈಸ್ತ ಧರ್ಮವನ್ನು ತೊರೆದು ಹಳೆಯ ದೇವತೆಗಳ ಆರಾಧನೆಯನ್ನು ಮತ್ತೆ ನೆಲೆಗೊಳಿಸಲು ಹೊರಟವನು. ಗಲಾತ್ಯದ ಪ್ರಧಾನ ಅರ್ಚಕನಿಗೆ ಅವನು ಬರೆದನೆಂದು ಉಳಿದುಬಂದಿರುವ ಪತ್ರದಲ್ಲಿ, ಈ ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಮ್ಮಿಂದಲೇ ನೆರವಿಲ್ಲದಿರುವುದು ನಾಚಿಕೆಗೇಡು ಎಂಬ ಅಳಲಿದೆ. ಊರೂರಿನಲ್ಲಿ ಛತ್ರಗಳನ್ನು ತೆರೆಯಬೇಕೆಂಬ ಆದೇಶವೂ ಅದರಲ್ಲಿದೆ.

ಇದಕ್ಕೂ ಒಂದು ಶತಮಾನ ಹಿಂದೆ ಸಾಮ್ರಾಜ್ಯವನ್ನೆಲ್ಲ ಕಾಡಿದ ಮಹಾಮಾರಿಯ ಕಾಲದಲ್ಲಿ, ಕ್ರೈಸ್ತರು ರೋಗಿಗಳನ್ನು ಬಿಟ್ಟೋಡದೆ ಆರೈಕೆ ಮಾಡಿ, ಅದೇ ರೋಗ ತಗುಲಿ ಸತ್ತರೆಂದು ಅಲೆಕ್ಸಾಂಡ್ರಿಯದ ಬಿಷಪ್ ದಿಯೊನೀಸಿಯುಸ್ ಬರೆದಿದ್ದಾರೆ. ಮುಂದೆ ಬಂದ ಆಸ್ಪತ್ರೆಗಳ ಹಿಂದೆ ಇರುವುದು ಈ ಪರಂಪರೆಯೇ. ಸುಮಾರು 369ರ ಬರಗಾಲದಲ್ಲಿ ಹಸಿದವರಿಗೆ ಊಟಕ್ಕೆ ವ್ಯವಸ್ಥೆ ಮಾಡಿದ ಬಾಸಿಲ್, 370ರಲ್ಲಿ ಕಪ್ಪದೋಕ್ಯದ ಕೈಸರೈಯದ, ಅಂದರೆ ಇಂದಿನ ಟರ್ಕಿಯ ಕೈಸೇರಿಯ, ಬಿಷಪ್ ಆದರು. ಅವರು ಊರ ಹೊರಗೆ ಕಟ್ಟಿಸಿದ ಸಂಕೀರ್ಣದಲ್ಲಿ ಪ್ರಯಾಣಿಕರಿಗೆ ತಂಗುದಾಣವಿತ್ತು, ರೋಗಿಗಳಿಗೆ ಚಿಕಿತ್ಸೆ ಇತ್ತು, ಎಲ್ಲರೂ ದೂರವಿಟ್ಟಿದ್ದ ಕುಷ್ಠರೋಗಿಗಳಿಗೂ ಜಾಗವಿತ್ತು. ಅವರ ಗೆಳೆಯ ನಜಿಯಾಂಜದ ಗ್ರೆಗೊರಿ ಅದನ್ನು ಹೊಸ ನಗರವೆಂದೇ ಬಣ್ಣಿಸಿದರು. ಅದೇ ಶತಮಾನದ ಕೊನೆಯಲ್ಲಿ ಫಾಬಿಯೊಲ ಎಂಬ ರೋಮಿನ ಸಿರಿವಂತ ಮಹಿಳೆ ತನ್ನ ಆಸ್ತಿಯನ್ನು ಮಾರಿ ಆಸ್ಪತ್ರೆ ತೆರೆದು, ಹುಣ್ಣಾದ ಮೈಗಳನ್ನು ತಾನೇ ತೊಳೆದಳೆಂದು ಜೆರೋಮ್ ದಾಖಲಿಸಿದ್ದಾರೆ.

ಎಲ್ಲ ಗುಣಗಳಿಗೂ ಶ್ರುತಿ

ಇದುವರೆಗೆ ನೋಡಿದ್ದು ಕೆಲಸ. ಆ ಕೆಲಸದ ಹಿಂದಿನ ತಿಳಿವನ್ನು ಚಿಂತಕರು ಹೇಗೆ ವಿವರಿಸಿದರು?

ಕ್ರೈಸ್ತ ಚಿಂತನೆಯಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂಬ ಮೂರಕ್ಕೆ ದೈವಿಕ ಸದ್ಗುಣಗಳೆಂದು ಹೆಸರು. ಅಭ್ಯಾಸದಿಂದ ಗಳಿಸುವ ಗುಣಗಳಂತೆ ಇವು ಮನುಷ್ಯನ ಸಾಧನೆಯಲ್ಲ, ದೇವರ ಕೊಡುಗೆ ಎಂಬುದು ಅದರ ಭಾವ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಪ್ರೀತಿಯನ್ನು ದೇವರೊಂದಿಗಿನ ಗೆಳೆತನ ಎಂದು ನಿರೂಪಿಸಿ, ಅದೇ ಉಳಿದ ಎಲ್ಲ ಸದ್ಗುಣಗಳಿಗೆ ರೂಪ ಕೊಡುವಂಥದ್ದು ಎಂದರು. ಇದನ್ನು ಸಂಗೀತದ ಶ್ರುತಿಗೆ ಹೋಲಿಸಿ ನೋಡಬಹುದು. ಶ್ರುತಿ ತಾನೇ ಒಂದು ಹಾಡಲ್ಲ. ಆದರೆ ಅದು ತಪ್ಪಿದರೆ ಎಷ್ಟು ಪರಿಣತ ಕಂಠದ ಸ್ವರವೂ ಕಿವಿಗೆ ಒಗ್ಗದು. ಧೈರ್ಯ, ನ್ಯಾಯ, ಸಂಯಮ, ಪಾಂಡಿತ್ಯ ಎಲ್ಲವೂ ಪ್ರೀತಿಗೆ ಹೊಂದಿಕೊಂಡಾಗಲೇ ತಮ್ಮ ಗುರಿ ಮುಟ್ಟುತ್ತವೆ. ದೇವರ ಮೇಲಿನ ಪ್ರೀತಿಯೂ ನೆರೆಯವರ ಮೇಲಿನ ಪ್ರೀತಿಯೂ ಎರಡು ಬೇರೆ ಗುಣಗಳಲ್ಲ, ಒಂದೇ ಗುಣ ಎಂಬುದೂ ಅವರ ನಿಲುವು.

ಅವರಿಗಿಂತ ಎಂಟು ಶತಮಾನ ಮೊದಲು ಉತ್ತರ ಆಫ್ರಿಕಾದ ಬಿಷಪ್ ಅಗಸ್ಟಿನ್ ಹೇಳಿದ ‘ಪ್ರೀತಿಸು, ನಿನಗೆ ಬೇಕಾದುದನ್ನು ಮಾಡು’ ಎಂಬ ಮಾತನ್ನು ಹಲವರು ಮನಬಂದಂತೆ ನಡೆಯಲು ಸಿಕ್ಕ ಪರವಾನಗಿ ಎಂದು ತಿಳಿಯುತ್ತಾರೆ. ಅದು ಯೋಹಾನನ ಪತ್ರಿಕೆಯ ಮೇಲಿನ ಪ್ರವಚನದ ಮಾತು. ಸುಮ್ಮನಿದ್ದರೂ ಪ್ರೀತಿಯಿಂದ ಸುಮ್ಮನಿರು, ತಿದ್ದಿದರೂ ಪ್ರೀತಿಯಿಂದ ತಿದ್ದು ಎಂದು ಅದು ಮುಂದುವರಿಯುತ್ತದೆ. ಒಳಗಿನ ಬೇರು ಪ್ರೀತಿಯಾಗಿದ್ದರೆ ಅದರಿಂದ ಒಳ್ಳೆಯದೇ ಹುಟ್ಟುತ್ತದೆ ಎಂಬ ವಿಶ್ವಾಸ ಅದರದು. ಆದರೆ ಸಭೆ ಒಡೆದು ಹೋದ ಆ ಕಾಲದಲ್ಲಿ, ಬೇರೆಯಾದವರನ್ನು ಸರ್ಕಾರದ ಬಲದಿಂದ ಮರಳಿ ತರುವುದನ್ನು ಅಗಸ್ಟಿನ್ ಅವರು ಪ್ರೀತಿಯ ಹೆಸರಿನಲ್ಲಿಯೇ ಸಮರ್ಥಿಸಿದರು. ಪ್ರೀತಿಯನ್ನು ಅಡಿಪಾಯವೆಂದು ಸಾರಿದ ಪರಂಪರೆಯೊಳಗೇ ಆ ಹೆಸರಿನಲ್ಲಿ ಬಲಪ್ರಯೋಗವೂ ನಡೆದಿದೆ ಎಂಬುದನ್ನು ಮುಚ್ಚಿಡಬಾರದು.

ಕೊಡುವುದು ದಯೆಯೋ, ಋಣವೋ

ನಾಲ್ಕನೆಯ ಶತಮಾನದ ಬೋಧಕರು ಈ ಪ್ರಶ್ನೆಗೆ ಕೊಟ್ಟ ಉತ್ತರ ಇಂದಿಗೂ ಬಿಸಿಯಾಗಿದೆ. ನೀನು ಕೂಡಿಟ್ಟ ರೊಟ್ಟಿ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬತ್ತಲಿರುವವನದು ಎಂದರು ಬಾಸಿಲ್. ಬಡವನಿಗೆ ನೀನು ಕೊಡುವುದು ನಿನ್ನದನ್ನಲ್ಲ, ಅವನದನ್ನೇ ಹಿಂದಿರುಗಿಸುತ್ತಿದ್ದೀಯ ಎಂದರು ಮಿಲಾನಿನ ಅಂಬ್ರೋಸ್. ಸೆರೆಸಿಕ್ಕವರನ್ನು ಬಿಡಿಸಲು ಅಂಬ್ರೋಸ್ ಸಭೆಯ ಪವಿತ್ರ ಪಾತ್ರೆಗಳನ್ನೇ ಒಡೆಸಿ ಕರಗಿಸಿದರು. ಟೀಕೆ ಬಂದಾಗ, ಸಭೆಗೆ ಚಿನ್ನವಿರುವುದು ಕೂಡಿಡಲಿಕ್ಕಲ್ಲ, ಕಷ್ಟದಲ್ಲಿರುವವರಿಗೆ ಖರ್ಚು ಮಾಡಲಿಕ್ಕೆ ಎಂದು ಉತ್ತರಿಸಿದರು. ಅಂತಿಯೋಕ್ಯದಲ್ಲಿ ಪ್ರವಚನ ನೀಡುತ್ತಿದ್ದ ಯೋಹಾನ ಕ್ರಿಸೊಸ್ತೊಮ್ ಅವರು, ಗುಡಿಯೊಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ನಡುಗುವ ಅದೇ ಕ್ರಿಸ್ತನನ್ನು ಕಡೆಗಣಿಸಬೇಡಿ ಎಂದು ಕೇಳಿಕೊಂಡರು. ಅಲಂಕಾರ ಬೇಡವೆಂದು ಅವರು ಹೇಳಲಿಲ್ಲ. ಮೊದಲು ಹಸಿದವನಿಗೆ ಉಣಿಸಿ, ಮಿಕ್ಕಿದ್ದರಲ್ಲಿ ಪೀಠವನ್ನು ಅಲಂಕರಿಸಿ ಎಂದರು.

ಅಗಸ್ಟಿನ್ ಇನ್ನೂ ಆಳಕ್ಕಿಳಿದರು. ನೀನು ಹಸಿದವನಿಗೆ ರೊಟ್ಟಿ ಕೊಡುತ್ತೀಯ. ಯಾರೂ ಹಸಿಯದೆ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು ಎಂದರು. ಕೊಡುವವನಿಗೆ ತೆಗೆದುಕೊಳ್ಳುವವನ ಮೇಲೆ ಹಿರಿತನ ತೋರುವ ಆಸೆ ಹುಟ್ಟುತ್ತದೆ, ಆದ್ದರಿಂದ ಅವನು ನಿನ್ನ ಸರಿಸಮನಾಗಲಿ ಎಂದು ಬಯಸು ಎಂಬುದು ಅವರ ಸಲಹೆ. ದಾನವು ನ್ಯಾಯಕ್ಕೆ ಬದಲಿಯಾಗಬಾರದು ಎಂದು ಇಂದು ನಡೆಯುವ ಚರ್ಚೆಯ ಬೀಜ ಇಲ್ಲಿಯೇ ಇದೆ.

16ನೆಯ ಶತಮಾನದಲ್ಲಿ, ಪ್ರೊಟೆಸ್ಟಂಟ್ ಸಭೆಗಳು ರೋಮಿನಿಂದ ಬೇರೆಯಾದ ಸುಧಾರಣೆಯ ಕಾಲದಲ್ಲಿ, ದಾನದಿಂದ ಪುಣ್ಯ ಗಳಿಸಿ ಮೋಕ್ಷ ಪಡೆಯಬಹುದೇ ಎಂಬುದು ದೊಡ್ಡ ವಿವಾದವಾಯಿತು. ಆ ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ ಹಾಗಾಗದು ಎಂದರು. ಆದರೂ ನಂಬಿಕೆಯಿಂದ ಪ್ರೀತಿ ಹರಿಯಲೇಬೇಕೆಂಬುದನ್ನು ಅವರು ಬಿಡಲಿಲ್ಲ. ಬಡವರಿಗಾಗಿ ಊರಿನ ಸಾಮಾನ್ಯ ನಿಧಿಯನ್ನು ಸ್ಥಾಪಿಸಿದ ಲೈಸ್ನಿಗ್ ಪಟ್ಟಣದ ನಿಯಮಾವಳಿಗೆ 1523ರಲ್ಲಿ ಅವರೇ ಮುನ್ನುಡಿ ಬರೆದರು. ಜಿನೀವದಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಅವರ 1541ರ ನಿಯಮಗಳು ಎರಡು ಬಗೆಯ ಡೀಕನ್‌ಗಳನ್ನು ಗುರುತಿಸಿದವು. ಒಂದು ಬಗೆಯವರು ನಿಧಿಯನ್ನು ನೋಡಿಕೊಳ್ಳುವವರು, ಇನ್ನೊಂದು ಬಗೆಯವರು ರೋಗಿಗಳನ್ನು ಆರೈಕೆ ಮಾಡುವವರು. ಮುಂದೆ 1633ರಲ್ಲಿ ಫ್ರಾನ್ಸಿನ ವಿನ್ಸೆಂಟ್ ದೆ ಪೌಲ್ ಮತ್ತು ಲೂಯಿಸ್ ದೆ ಮರಿಯಾಕ್ ಅವರ ಕನ್ಯಾಸ್ತ್ರೀಯರ ಸಂಘ, 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನ ಸೇವಕಿಯರ ತರಬೇತಿ ಮನೆ, 1865ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಬೂತ್ ಆರಂಭಿಸಿದ, ಮುಂದೆ ‘ಸಾಲ್ವೇಶನ್ ಆರ್ಮಿ’ ಎಂದು ಹೆಸರಾದ ಕೆಲಸ, ಹೀಗೆ ಸಿದ್ಧಾಂತದಲ್ಲಿ ಬೇರೆಯಾದ ಸಭೆಗಳು ಈ ಒಂದು ದಾರಿಯಲ್ಲಿ ಅಕ್ಕಪಕ್ಕ ನಡೆದವು.

ಯಾರಿಗೆ, ಯಾವ ಷರತ್ತಿನ ಮೇಲೆ

ಸಾಮಾನ್ಯ ಓದುಗರ ಮನಸ್ಸಿನಲ್ಲಿ ಕೊನೆಗೊಂದು ಪ್ರಶ್ನೆ ಉಳಿದೇ ಇರುತ್ತದೆ. ಈ ಪ್ರೀತಿ ತಮ್ಮವರಿಗೆ ಮಾತ್ರವೇ? ಹೊರಗಿನವರಿಗೆ ಕೊಟ್ಟರೆ, ಅವರನ್ನು ಒಳಗೆ ಸೆಳೆಯಲೆಂದೇ ಕೊಡುವುದೇ?

ಮೊದಲನೆಯದಕ್ಕೆ ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಉತ್ತರವಿದೆ. ಎಲ್ಲರಿಗೂ ಒಳ್ಳೆಯದನ್ನು ಮಾಡಿರಿ, ವಿಶ್ವಾಸದ ಮನೆತನದವರಿಗೆ ವಿಶೇಷವಾಗಿ ಮಾಡಿರಿ ಎನ್ನುತ್ತದೆ ಅದು. ಮನೆಯವರನ್ನು ಬಿಟ್ಟು ಊರಿಗೆ ಉಪಕಾರ ಮಾಡುವುದೂ ಸಲ್ಲದು, ಮನೆಯಲ್ಲಿಯೇ ನಿಂತುಬಿಡುವುದೂ ಸಲ್ಲದು. ಎರಡನೆಯದಕ್ಕೆ ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರು 2005ರ ಡಿಸೆಂಬರ್ 25ರಂದು ಸಹಿ ಹಾಕಿದ, ‘ದೇವರು ಪ್ರೀತಿ’ ಎಂಬ ಅರ್ಥದ ಹೆಸರುಳ್ಳ ಪತ್ರ ಸ್ಪಷ್ಟ ಉತ್ತರ ಕೊಡುತ್ತದೆ. ಪ್ರೀತಿಯ ಸೇವೆಯನ್ನು ಮತಕ್ಕೆ ಸೆಳೆಯುವ ಸಾಧನವಾಗಿ ಬಳಸುವಂತಿಲ್ಲ. ಪ್ರೀತಿ ಉಚಿತ, ಬೇರೆ ಗುರಿ ಸಾಧಿಸಲು ಅದನ್ನು ಮಾಡುವುದಿಲ್ಲ ಎನ್ನುತ್ತದೆ. ಈ ಮಾತಿಗೆ ತಕ್ಕಂತೆ ಪ್ರತಿಯೊಂದು ಸಭೆಯೂ ಪ್ರತಿಯೊಂದು ಕಾಲದಲ್ಲೂ ನಡೆದಿದೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಅಳೆಯುವ ಕೋಲು ಯಾವುದು ಎಂಬುದನ್ನಂತೂ ಆ ಪತ್ರ ಬರೆದಿಟ್ಟಿದೆ. ದೇವರ ವಾಕ್ಯವನ್ನು ಸಾರುವುದು, ಸಂಸ್ಕಾರಗಳನ್ನು, ಅಂದರೆ ದೀಕ್ಷಾಸ್ನಾನ, ಕರ್ತನ ಭೋಜನದಂಥ ಪವಿತ್ರ ವಿಧಿಗಳನ್ನು, ಆಚರಿಸುವುದು, ಪ್ರೀತಿಯ ಸೇವೆ ಮಾಡುವುದು, ಈ ಮೂರೂ ಸಭೆಯ ಸ್ವಭಾವವೇ. ಮೂರನೆಯದನ್ನು ಬೇರೆಯವರಿಗೆ ಒಪ್ಪಿಸಿ ಕೈತೊಳೆದುಕೊಳ್ಳಬಹುದಾದ ಸಮಾಜಕಾರ್ಯವೆಂದು ಭಾವಿಸುವಂತಿಲ್ಲ ಎಂದೂ ಅದು ಹೇಳುತ್ತದೆ.

ಗ್ರೀಸ್, ರಷ್ಯಾ ಮುಂತಾದ ಕಡೆ ಇರುವ ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಈ ತಿಳಿವು ಆರಾಧನೆಯ ಕ್ರಮದಲ್ಲಿಯೇ ಸೇರಿಹೋಗಿದೆ. ಕ್ರಿಸೊಸ್ತೊಮ್ ಹೆಸರಿನ ಪೂಜಾವಿಧಿಯಲ್ಲಿ ವಿಶ್ವಾಸಪ್ರಮಾಣವನ್ನು, ಅಂದರೆ ತಾವು ನಂಬುವುದೆಲ್ಲವನ್ನೂ ಎಲ್ಲರೂ ಸೇರಿ ಘೋಷಿಸುವ ಪಾಠವನ್ನು, ಹೇಳುವ ಮುನ್ನ ಒಂದು ಕರೆ ಕೇಳಿಬರುತ್ತದೆ. ಒಂದೇ ಮನಸ್ಸಿನಿಂದ ಅರಿಕೆ ಮಾಡುವಂತಾಗಲು ನಾವು ಒಬ್ಬರನ್ನೊಬ್ಬರು ಪ್ರೀತಿಸೋಣ ಎಂಬುದು ಆ ಕರೆ. ಅದಾದ ಮೇಲಷ್ಟೇ ‘ನಾನು ನಂಬುತ್ತೇನೆ’ ಎಂಬ ಮಾತು ಆರಂಭವಾಗುತ್ತದೆ.